ಮೊದಲು ಲೆಕ್ಕಪತ್ರ, ಆಮೇಲೆ ಸಾಂತ್ವನ: ಹಾಸ್ಪೈಸ್‌ನಲ್ಲಿ ನಾನು ಕಂಡುಕೊಂಡ ಕ್ರಮ

ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಹಾಸ್ಪೈಸ್‌ಗೆ ದಾಖಲಾದವರೊಂದಿಗೆ ಮೊದಲ ಭೇಟಿಯಲ್ಲೇ ಸಾಲ, ಬ್ಯಾಂಕ್ ಖಾತೆ, ಆಸ್ತಿಪತ್ರಗಳ ವಿಷಯ ಎತ್ತಬೇಕೆಂದು ನಾನು ತಂಡದ ಸಭೆಯಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. ಸಾಯುತ್ತಿರುವವರ ಮುಂದೆ ಹಣದ ಮಾತಾಡುವುದು ನಿರ್ದಯತೆ ಎಂದು ದಾದಿಯರು ಹೇಳಿದರು. ಮೊದಲು ನಂಬಿಕೆ ಬೆಳೆಯಲಿ, ಉಳಿದದ್ದು ಆಮೇಲೆ ಎಂದು ವೈದ್ಯರು ವಾದಿಸಿದರು. ಆದರೆ ನನ್ನ ಪಾಲಿಗೆ ಬಂದ ರೋಗಿಗಳಲ್ಲಿ ಹೆಚ್ಚಿನವರಿಗೆ ಉಳಿದಿರುತ್ತಿದ್ದುದು ಎರಡು ಮೂರು ವಾರ ಮಾತ್ರ, ಮತ್ತು ನಂಬಿಕೆ ಬೆಳೆಯುವಷ್ಟರಲ್ಲಿ ಅವರಿಗೆ ಸಹಿ ಹಾಕುವ ಶಕ್ತಿಯಾಗಲಿ, ಕೇಳಿದ್ದಕ್ಕೆ ಉತ್ತರಿಸುವ ಎಚ್ಚರವಾಗಲಿ ಇರುತ್ತಿರಲಿಲ್ಲ. ಅಂದು ವಿರೋಧಿಸಿದವರೇ ಈಗ ಹೊಸ ರೋಗಿ ಬಂದೊಡನೆ ನನ್ನನ್ನು ಕರೆಸುತ್ತಾರೆ.

ಹಳೆಯ ಕ್ರಮ ಸೋಲುತ್ತಿದ್ದುದು ಸಾವಿನ ಮರುದಿನ. ಖಾತೆ ಗಂಡನ ಹೆಸರಿನಲ್ಲಿ ಮಾತ್ರ ಇದ್ದುದರಿಂದ, ಉಳಿತಾಯವಿದ್ದೂ ಅಂತ್ಯಕ್ರಿಯೆಯ ಖರ್ಚಿಗೆ ಕೈಸಾಲ ಮಾಡಿದ ಹೆಂಗಸರನ್ನು ಕಂಡಿದ್ದೇನೆ. ತಂದೆಯ ಪರವಾಗಿ ವ್ಯವಹರಿಸಲು ಅಧಿಕಾರ ಪತ್ರವಿದೆಯೆಂದು ಧೈರ್ಯವಾಗಿದ್ದ ಮಗನಿಗೆ, ಅದನ್ನು ಬರೆದುಕೊಟ್ಟ ತಂದೆಯ ಮರಣದೊಂದಿಗೆ ಅದೂ ರದ್ದಾಗುತ್ತದೆಂದು ಯಾರೂ ಹೇಳಿರಲಿಲ್ಲ. ಆರೈಕೆಗೆಂದು ಕೆಲಸ ಬಿಟ್ಟ ಮಗಳ ಸಂಬಳ ಯಾವ ಲೆಕ್ಕದಲ್ಲೂ ಬಾರದೆ ಹೋಗಿ, ಮನೆಯ ಆದಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದು ತಿಂಗಳುಗಳ ನಂತರ ಗೊತ್ತಾಗುತ್ತಿತ್ತು. ಇಂಥ ಮನೆಗಳಲ್ಲಿ ದುಃಖಕ್ಕೂ ಬಿಡುವಿರುವುದಿಲ್ಲ.

ಈಗ ನಾನು ಒಂದೇ ಹಾಳೆಯೊಂದಿಗೆ ಹೋಗಿ, ಮೊದಲು ರೋಗಿಯೊಬ್ಬರನ್ನೇ ಕಾಣುತ್ತೇನೆ. ಸಾಲವೆಷ್ಟು ಎಂದು ಕೇಳುವುದಿಲ್ಲ, "ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂಬ ಯೋಚನೆ ನಿಮ್ಮನ್ನು ಕಾಡುತ್ತಿದೆ?" ಎಂದು ಕೇಳುತ್ತೇನೆ. ಮಾರ್ಫಿನ್ ಪ್ರಮಾಣ ಏರಿಸುತ್ತ ಹೋದರೂ ರಾತ್ರಿಯ ನೋವು ತಗ್ಗದಿದ್ದ ಹಿರಿಯರೊಬ್ಬರು ಈ ಪ್ರಶ್ನೆಗೆ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದು, ಕೊನೆಗೆ ಸ್ನೇಹಿತನ ಸಾಲಕ್ಕೆ ತಾವು ಜಾಮೀನು ನಿಂತಿರುವುದನ್ನೂ ಅದು ಹೆಂಡತಿಗೆ ತಿಳಿಯದೆಂಬುದನ್ನೂ ಹೇಳಿದರು. ಅವರ ಒಪ್ಪಿಗೆ ಪಡೆದು, ಅವರೆದುರೇ ಹೆಂಡತಿಗೆ ವಿಷಯ ತಿಳಿಸಿದೆ. ಆಕೆ ಕೇಳಿದ್ದು ಕಾಗದ ಎಲ್ಲಿದೆ ಎಂಬುದೊಂದನ್ನೇ. ಎರಡು ದಿನಗಳಲ್ಲಿ ವಿಚಾರಿಸಿ ನೋಡಿದರೆ ಸಾಲದ ಮುಕ್ಕಾಲು ಪಾಲನ್ನು ಸ್ನೇಹಿತನೇ ತೀರಿಸಿದ್ದ. ರಾತ್ರಿ ನಾಲ್ಕೈದು ಸಲ ಹೆಚ್ಚುವರಿ ಡೋಸ್ ಕೇಳುತ್ತಿದ್ದವರು ಆ ವಾರ ಒಂದಕ್ಕೆ ಇಳಿದರು. ವೈದ್ಯರು ಔಷಧವನ್ನು ಬದಲಿಸಿರಲಿಲ್ಲ. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ವೈದ್ಯೆಯಾಗುವ ಮೊದಲು ದಾದಿಯಾಗಿಯೂ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿಯೂ ದುಡಿದವರು. ದೇಹದ ನೋವಿನ ಜೊತೆಗೆ ಮನೆ, ಹಣ, ಸಂಬಂಧಗಳ ನೋವನ್ನೂ ಸೇರಿಸಿ 'ಸಮಗ್ರ ನೋವು' ಎಂದು ಅವರು ಕರೆದದ್ದನ್ನು ನಾನು ಆ ಹಾಸಿಗೆಯ ಪಕ್ಕದಲ್ಲಿ ಕಣ್ಣಾರೆ ಕಂಡೆ.

ಆರೈಕೆದಾರರ ಹೊರೆ ಅಳೆಯಲು ಜ಼ಾರಿಟ್ ಪ್ರಶ್ನಾವಳಿಯನ್ನೂ ಕೆಲಕಾಲ ಬಳಸಿ ನೋಡಿದೆ. ಇಪ್ಪತ್ತೆರಡು ಪ್ರಶ್ನೆಗಳಿಗೂ ಜನ ನಮ್ಮನ್ನು ಮೆಚ್ಚಿಸುವಂಥ ಉತ್ತರಗಳನ್ನೇ ಕೊಟ್ಟರು. ಅದರ ಬದಲು "ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದಿರಿ? ನೀವೆದ್ದಾಗ ಮತ್ತೆ ಯಾರು ಎಚ್ಚರವಿದ್ದರು?" ಎಂದು ಕೇಳಿದರೆ, ಭಾರ ಯಾರ ಹೆಗಲ ಮೇಲಿದೆ, ಯಾರು ಬರೀ ಫೋನಿನಲ್ಲಿ ಸಲಹೆ ಕೊಡುತ್ತಿದ್ದಾರೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಮಕ್ಕಳಿಗಾಗಿ ಮಾತು ಧ್ವನಿಮುದ್ರಿಸಿಡಿ ಎಂದು ರೋಗಿಗಳಿಗೆ ಹೇಳಿದ ಪ್ರಯೋಗವೂ ಮೊದಲು ಕೈಗೂಡಲಿಲ್ಲ. ಹತ್ತರಲ್ಲಿ ಏಳೆಂಟು ಜನ ಎರಡು ವಾಕ್ಯಕ್ಕೇ ನಿಲ್ಲಿಸಿಬಿಡುತ್ತಿದ್ದರು. ಮನೆಯ ಯಾವ ಕಾಗದ ಎಲ್ಲಿದೆ ಎಂಬುದನ್ನಷ್ಟೇ ಹೇಳಿ ಎಂದ ಮೇಲೆ ಮಾತು ಸರಾಗವಾಗಿ ಹರಿಯಿತು. ಬೀರುವಿನ ಕೀಲಿಯಿಂದ ಶುರುವಾದ ಮಾತು ಮಗಳ ಬಾಲ್ಯಕ್ಕೆ ಹೊರಳಿದ್ದೂ ಉಂಟು.

"ಕಾಯಿಲೆಯ ವಿಷಯ ಅವರಿಗೆ ಹೇಳಬೇಡಿ" ಎಂದು ಬಾಗಿಲಲ್ಲೇ ತಡೆಯುವ ಹಿರಿಮಗನನ್ನು ನೀವೆಲ್ಲರೂ ಕಂಡಿದ್ದೀರಿ. ಅಂಥವರನ್ನು ಒಪ್ಪಿಸಲು ನನ್ನದೇ ಒಂದು ಉಪಾಯವಿದೆ. ತಪ್ಪಾಗಿ ಬಳಸಿದರೆ ಮನೆ ಒಡೆಯುತ್ತದೆಯಾದ್ದರಿಂದ ಅದನ್ನು ಇಲ್ಲಿ ಬರೆಯದೆ, ಜೊತೆಗೆ ಕೆಲಸ ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ. ರೋಗಿಗೆ ಎಷ್ಟು ತಿಳಿದಿದೆ ಎಂಬುದನ್ನು ಮಗನಿಂದಲೇ ಹೇಳಿಸಬೇಕು, ನಾವು ಹೇಳಬಾರದು ಎಂಬಷ್ಟನ್ನು ಮಾತ್ರ ಸೂಚಿಸಬಲ್ಲೆ.

ಈ ಕ್ರಮದಿಂದ ನಾನು ನಿರೀಕ್ಷಿಸದಿದ್ದ ಲಾಭವೊಂದು ಸಾವಿನ ನಂತರ ಸಿಕ್ಕಿತು. ಹಿಂದೆ ಸಾಂತ್ವನಕ್ಕೆಂದು ಕರೆ ಮಾಡಿದರೆ ಅರ್ಧದಷ್ಟು ಮನೆಯವರು ಫೋನ್ ಎತ್ತುತ್ತಿರಲಿಲ್ಲ. ಈಗ ಮರಣ ಪ್ರಮಾಣಪತ್ರದ ಪ್ರತಿಗಳು, ವಿಮೆಯ ಅರ್ಜಿ ಎಂದು ಅವರೇ ಕರೆಯುತ್ತಾರೆ, ಆ ನೆಪದಲ್ಲೇ ಊಟ ನಿದ್ದೆಗಳ ವಿಷಯವೂ ಬರುತ್ತದೆ. ದೀರ್ಘಕಾಲದ ಶೋಕವನ್ನು ಕಾಯಿಲೆಯೆಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಕನಿಷ್ಠ ಆರು ತಿಂಗಳ ಅವಧಿ ಹೇಳುವುದರಿಂದ, ಕಾಗದಪತ್ರಗಳೆಲ್ಲ ಮುಗಿದ ಮನೆಗೂ ಆರನೇ ತಿಂಗಳಲ್ಲಿ ನಾನೇ ಒಮ್ಮೆ ಹೋಗುತ್ತೇನೆ. ಸತ್ತವರ ಹಾಸಿಗೆಯ ಪಕ್ಕ ಹೆಚ್ಚು ರಾತ್ರಿ ಎಚ್ಚರವಿದ್ದವರನ್ನೇ ಮೊದಲು ಮಾತಾಡಿಸುತ್ತೇನೆ.