ಮಿಚ್ ಮಿಚೆಲ್‌ನ ಮೂರೆಣಿಕೆ

ನವೆಂಬರ್ 12 ಬಂದರೆ ಸಂಜೆ ಡ್ರಮ್ಸ್ ಮುಂದೆ ಕೂತು ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯೆನ್ಸ್‌ನ ‘ಮ್ಯಾನಿಕ್ ಡಿಪ್ರೆಶನ್’ ಬಾರಿಸುತ್ತೇನೆ. 2008ರಲ್ಲಿ ಅದೇ ದಿನ ಆ ಬ್ಯಾಂಡಿನ ಡ್ರಮ್ಮರ್ ಮಿಚ್ ಮಿಚೆಲ್ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಹೋಟೆಲೊಂದರಲ್ಲಿ ತೀರಿಕೊಂಡ. ಹೆಂಡ್ರಿಕ್ಸ್ ನೆನಪಿನ ಸಂಗೀತ ಪ್ರವಾಸ ಆಗಷ್ಟೇ ಮುಗಿದಿತ್ತು. ಗಿಟಾರ್ ನುಡಿಸಿ ಹಾಡುತ್ತಿದ್ದ ಹೆಂಡ್ರಿಕ್ಸ್ 1970ರಲ್ಲೇ ಹೋಗಿದ್ದ, ಬೇಸ್ ಗಿಟಾರಿನ ನೋಯೆಲ್ ರೆಡಿಂಗ್ 2003ರಲ್ಲಿ. ಮೂವರಲ್ಲಿ ಕೊನೆಗೆ ಉಳಿದಿದ್ದವನು ಇವನೇ.

1967ರ ಮೊದಲ ಆಲ್ಬಮ್ಮಿನ ಈ ಹಾಡು ಕೈಗೆ ಸುಲಭಕ್ಕೆ ಸಿಗುವಂಥದ್ದಲ್ಲ. ರಾಕ್ ಎಂದರೆ ನಾಲ್ಕೆಣಿಕೆ, ಎರಡಕ್ಕೂ ನಾಲ್ಕಕ್ಕೂ ಸ್ನೇರ್ (ಚುರುಕು ಸದ್ದಿನ ಚಪ್ಪಟೆ ಡ್ರಮ್) ಮೇಲೆ ಪೆಟ್ಟು ಎಂದು ಪಳಗಿದ ಕೈಗೆ ಇಲ್ಲಿ ಮೂರೇ ಎಣಿಕೆ, ಒಂದೊಂದರ ಒಳಗೂ ಮತ್ತೆ ಮೂರು. ಚಿಕ್ಕಂದಿನಲ್ಲಿ ಕಲಿತ ಮೃದಂಗದ ಪಾಠ ಇಲ್ಲಿ ಕೈಹಿಡಿಯಿತು. ಕೋಲು ಪಕ್ಕಕ್ಕಿಟ್ಟು, ರೂಪಕ ತಾಳಕ್ಕೆ ಹಾಕುವ ಹಾಗೆ ತೊಡೆಯ ಮೇಲೆ ಮೂರು ಹಾಕುತ್ತಾ ‘ತಕಿಟ ತಕಿಟ ತಕಿಟ’ ಹೇಳಿಕೊಂಡೆ. ತಿಶ್ರ, ಅಂದರೆ ಮೂರರ ನಡೆ, ಬಾಯಲ್ಲಿ ನಿಂತ ಮೇಲೆ ಲಯ ಹಿಡಿದುಕೊಡುವ ಮೆಟ್ರೋನೋಮನ್ನು ನಿಮಿಷಕ್ಕೆ 80ಕ್ಕಿಟ್ಟು ಕೋಲು ಹಿಡಿದೆ.

ಕಷ್ಟವೆಲ್ಲ ಎಡಗೈಯದು. ದೊಡ್ಡ ಪೆಟ್ಟುಗಳ ನಡುವೆ ಸ್ನೇರ್ ಮೇಲೆ ಕೇಳಿಯೂ ಕೇಳದಂಥ ಸಣ್ಣ ಪೆಟ್ಟುಗಳಿವೆ. ಅವಕ್ಕೆ ಕೋಲಿನ ತುದಿ ಚರ್ಮದಿಂದ ಒಂದಿಂಚಿಗಿಂತ ಮೇಲೇಳಬಾರದು. ಎದ್ದರೆ ಹಾಡು ಭಾರವಾಗುತ್ತದೆ. ಮಿಚ್‌ಗೆ ಜ್ಯಾಜ್ ಡ್ರಮ್ಮರ್ ಎಲ್ವಿನ್ ಜೋನ್ಸ್ ಎಂದರೆ ಪ್ರಾಣ. ಆ ಕಡೆಯಿಂದ ಬಂದ ಗುಣ ಇದು. ಟಾಮ್ ಎಂಬ ಡ್ರಮ್‌ಗಳ ಮೇಲೆ ಹೊರಟ ರೋಲ್ (ಬಿಡದೆ ಬೀಳುವ ಪೆಟ್ಟುಗಳ ಸುರಿಮಳೆ) ಆವರ್ತ ಮುಗಿದರೂ ನಿಲ್ಲದೆ ಮುಂದಿನದರೊಳಕ್ಕೆ ನುಗ್ಗುತ್ತದೆ. ಅಲ್ಲಿ ಬೇಸ್ ಡ್ರಮ್ ತುಳಿಯುವ ಬಲಗಾಲು ತಡವರಿಸದಿದ್ದರೆ ಅರ್ಧ ಗೆದ್ದ ಹಾಗೆ.

ಅವನು ಬಾರಿಸಿದ್ದು ಜಾಸ್ತಿಯಾಯಿತು ಎನ್ನುವವರಿದ್ದಾರೆ. ನನಗಂತೂ ಹಾಗನ್ನಿಸಿಲ್ಲ. ಇದ್ದವರು ಮೂವರೇ, ಎರಡನೆಯ ಗಿಟಾರಿಲ್ಲ. ಗಿಟಾರಿಸ್ಟ್ ಆಗಿದ್ದ ರೆಡಿಂಗ್ ಈ ಬ್ಯಾಂಡಿಗಾಗಿಯೇ ಬೇಸ್ ಹಿಡಿದವನು, ಸರಳವಾಗಿ ನುಡಿಸುತ್ತಿದ್ದ. ಖಾಲಿ ಉಳಿದ ಜಾಗದಲ್ಲಿ ಮಿಚ್ ಹೆಂಡ್ರಿಕ್ಸ್‌ನ ಗಿಟಾರಿಗೆ ಮಾತಿಗೆ ಮಾತು ಕೊಡುತ್ತಾನೆ. (1966ರಲ್ಲಿ ಇನ್ನೊಬ್ಬ ಡ್ರಮ್ಮರ್ ಏನ್ಸ್‌ಲಿ ಡನ್‌ಬಾರ್‌ನನ್ನು ಬಿಟ್ಟು ಇವನನ್ನು ಆರಿಸಿದ್ದು ನಾಣ್ಯ ಚಿಮ್ಮಿ ಎಂಬ ಕತೆ ಪ್ರಸಿದ್ಧ. ನಾಣ್ಯ ಒಳ್ಳೆಯ ಕೆಲಸವನ್ನೇ ಮಾಡಿತು!)

ಗೆಳೆಯರ ಜೊತೆ ಇದನ್ನು ಬಾರಿಸುವಾಗ ಬೇಸ್‌ನವನಿಗೆ ನಾನು ಹೇಳುವುದು ಇಷ್ಟೇ: ‘ನಾನು ಎಲ್ಲಿಗಾದರೂ ಹೋಗಲಿ, ನೀನು ರಿಫ್ ಬಿಡಬೇಡ ಮಾರಾಯ.’ (ರಿಫ್ ಎಂದರೆ ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ.) ಮೆಟ್ರೋನೋಮ್ ಆಗ ಬೇಕಿಲ್ಲ, ಗಿಟಾರಿನವನ ಬಲಗೈ ಕಾಣುವ ಹಾಗೆ ಸ್ಟೂಲ್ ತಿರುಗಿಸಿಕೊಂಡರೆ ಸಾಕು.