ಸನ್‌ಸ್ಕ್ರೀನ್ ತಂದರೆ ಸಾಲದು, ಹಚ್ಚಲೂ ಬರಬೇಕು

ನಮ್ಮ ಮನೆ ಹುಡುಗರು ಸನ್‌ಸ್ಕ್ರೀನ್ ಹಚ್ಚುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ದುಬಾರಿ ಟ್ಯೂಬ್ ತರುತ್ತಾರೆ, ಕಡಲೆಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರಿ ಸ್ಕೂಟರ್ ಹತ್ತಿಬಿಡುತ್ತಾರೆ. ತಿಂಗಳಾದ ಮೇಲೆ "ಈ ಕ್ರೀಮ್ ಪ್ರಯೋಜನ ಇಲ್ಲ" ಅಂತ ಇನ್ನೊಂದು ತರುತ್ತಾರೆ. ಅಷ್ಟೇ ಅಷ್ಟು ಹಚ್ಚಿದರೆ ಯಾವ ಕ್ರೀಮ್ ತಾನೇ ಕಾಪಾಡುತ್ತದೆ?

ಮೊದಲು ಕೊಳ್ಳುವ ಮಾತು. ಎಸ್‌ಪಿಎಫ್, ಅಂದರೆ ಬಿಸಿಲು ಸುಡದಂತೆ ತಡೆಯುವ ಅಳತೆ, 30 ಇದ್ದರೆ ಸಾಕು, 50 ಇದ್ದರೆ ಒಳ್ಳೆಯದು. ಸರಿಯಾಗಿ ಹಚ್ಚಿದರೆ 30ರದ್ದು ಚರ್ಮ ಸುಡುವ ಕಿರಣವನ್ನು ಸುಮಾರು ಶೇಕಡಾ 97ರಷ್ಟು ತಡೆಯುತ್ತದೆ, 50ರದ್ದು 98ರಷ್ಟು. ಅದಕ್ಕಿಂತ ದೊಡ್ಡ ಸಂಖ್ಯೆಗೆ ಸುಮ್ನೆ ದುಡ್ಡು ಸುರಿಯಬೇಡಿ. ನೋಡಬೇಕಾದ್ದು ಇನ್ನೊಂದಿದೆ. ಬ್ರಾಡ್ ಸ್ಪೆಕ್ಟ್ರಮ್ ಎಂದು ಬರೆದಿರಬೇಕು, ಪಿಎ ಪಕ್ಕದಲ್ಲಿ ಮೂರೋ ನಾಲ್ಕೋ ಪ್ಲಸ್ ಗುರುತು ಇರಬೇಕು. ಚರ್ಮ ಕಪ್ಪಾಗಿಸಿ, ಬೇಗ ಸುಕ್ಕು ತರುವ, ಬಿಸಿಲಿನಲ್ಲಿರುವ ಯುವಿಎ ಎಂಬ ಇನ್ನೊಂದು ಕಿರಣಕ್ಕೆ ಅದೇ ತಡೆ. ಆ ಕಿರಣ ಕಾರಿನ ಪಕ್ಕದ ಗಾಜನ್ನೂ ದಾಟಿ ಬರುತ್ತದೆ. ಕಾರು ಓಡಿಸುವವರು ತಮ್ಮ ಬಲಗೈ, ಎಡಗೈ ಜೋಡಿಸಿ ನೋಡಿಕೊಳ್ಳಲಿ.

ಎಣ್ಣೆಮುಖದವರಿಗೆ ಜೆಲ್, ಒಣಚರ್ಮದವರಿಗೆ ಕ್ರೀಮ್. ಬಂಗು ಇರುವವರು ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೇಳಿ ತನ್ನಿ, ಬರೀ ಬೆಳಕಿಗೂ ಬಂಗು ಹೆಚ್ಚುತ್ತದೆ. ಮಕ್ಕಳಿಗೆ ಜಿಂಕ್ ಆಕ್ಸೈಡ್ ಇರುವುದು ವಾಸಿ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮಿನ ಗೋಜು ಬೇಡ, ನೆರಳಿನಲ್ಲಿಟ್ಟು ತೆಳು ಹತ್ತಿ ಬಟ್ಟೆ ಹಾಕಿ. ಹಾಗೇ, "ನಾವು ಕಪ್ಪು, ನಮಗ್ಯಾಕೆ" ಅನ್ನುವ ಮಾತು ಬಿಡಿ. ಇದು ಬೆಳ್ಳಗಾಗುವ ಕ್ರೀಮ್ ಅಲ್ಲ. ಬಂಗು, ಕಲೆಗಳ ಕಾಟ ನಮ್ಮಂಥ ಮೈಬಣ್ಣಕ್ಕೇ ಜಾಸ್ತಿ.

ಈಗ ಹಚ್ಚುವುದು. ನಾನು ಹೇಳುವ ಹಾಗೇ ಮಾಡಿ, ಅವಸರ ಬೇಡ. ಮುಖ ತೊಳೆದು, ಮಾಯಿಶ್ಚರೈಸರ್ ಹಚ್ಚುವವರು ಹಚ್ಚಿ, ಅದು ಪೂರ್ತಿ ಹೀರಿಕೊಳ್ಳಲಿ. ಆಮೇಲೆ ತೋರುಬೆರಳಿನ ಬುಡದಿಂದ ತುದಿಯವರೆಗೆ ಒಂದು ಗೆರೆ ಕ್ರೀಮ್ ಹಿಂಡಿ. ಅದನ್ನು ಹಣೆ, ಎರಡು ಕೆನ್ನೆ, ಮೂಗು, ಗಲ್ಲ, ಕತ್ತು ಹೀಗೆ ಚುಕ್ಕಿ ಚುಕ್ಕಿಯಾಗಿ ಇಡಿ. ತಿಕ್ಕಬೇಡಿ! ತಿಕ್ಕಿದರೆ ಕ್ರೀಮ್ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಬೆರಳು ಚಪ್ಪಟೆ ಮಾಡಿ ಮೆಲ್ಲಗೆ ಒತ್ತುತ್ತಾ ಹೊರಗಡೆಗೆ ಹರಡಿ. ಜಡೆ ಹೆಣೆದುಕೊಳ್ಳುವಷ್ಟು ಹೊತ್ತು ಬಿಡಿ. ಆಮೇಲೆ ಇನ್ನೊಂದು ಬೆರಳಿನಷ್ಟು ತೆಗೆದು ಮತ್ತೆ ಅದೇ ರೀತಿ. ಗೋಡೆಗೆ ಸುಣ್ಣ ಬಳಿದ ಹಾಗೆ, ಮೊದಲ ಕೈಯಲ್ಲಿ ಬಿಟ್ಟುಹೋದ ಜಾಗ ಎರಡನೇ ಕೈಯಲ್ಲೇ ಮುಚ್ಚುವುದು. ಎರಡನೇ ಸಲ ಕಿವಿಯ ಅಂಚು, ಕಿವಿಯ ಹಿಂದೆ, ಜಡೆ ಕೆಳಗಿನ ಹಿಂಗತ್ತು, ರವಿಕೆ ಮುಚ್ಚದ ಬೆನ್ನು ಮರೆಯಬೇಡಿ. ಬೆನ್ನಿಗೆ ಇನ್ನಷ್ಟು ಬೇಕಾದರೆ ತೆಗೆದುಕೊಳ್ಳಿ, ಜಿಪುಣತನ ಬೇಡ. ಕೈಗಳಿಗೆ, ಪಾದದ ಮೇಲ್ಭಾಗಕ್ಕೆ ಬೇರೆಯದೇ ಅಳತೆ, ಕಣ್ಣಿಗೆ ಬಿಳಿ ಪದರ ಕಾಣುವಷ್ಟು. ಚಪ್ಪಲಿ ಪಟ್ಟಿಯ ಗುರುತು ಎಷ್ಟು ಕಾಲಿನ ಮೇಲಿಲ್ಲ, ನೋಡಿ! ಕುಂಕುಮ, ಪೌಡರ್ ಎಲ್ಲ ಇದಾದ ಮೇಲೆ. ಹೊರಡುವ ಕಾಲು ಗಂಟೆ ಮೊದಲೇ ಈ ಕೆಲಸ ಮುಗಿದಿರಬೇಕು.

ಬಿಸಿಲಲ್ಲೇ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೆವರು ಒರೆಸಿದರೆ, ಈಜಿ ಬಂದರೆ ಆಗಲೇ ಹಚ್ಚಿ.

ಬೆಂಗಳೂರಿನವರಿಗೆ ತಂಗಾಳಿ ಮೋಸ ಮಾಡುತ್ತದೆ. ಊರು 900 ಮೀಟರ್ ಎತ್ತರದಲ್ಲಿದೆ, ಎತ್ತರಕ್ಕೆ ಹೋದಷ್ಟೂ ಬಿಸಿಲಿನ ಈ ಸುಡುವ, ಕಪ್ಪಾಗಿಸುವ ಕಿರಣ ಬಲವಾಗುತ್ತದೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ಸೂರ್ಯ ನೆತ್ತಿಯ ಮೇಲೇ ಬಂದು ನಡು ಮಧ್ಯಾಹ್ನ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಮೋಡ ಇದೆ ಅಂತ ಬಿಡಬೇಡಿ, ಮೋಡ ತಡೆಯುವುದು ಬಿಸಿಯನ್ನು, ಈ ಕಿರಣವನ್ನು ಪೂರ್ತಿ ಅಲ್ಲ.

ನಮ್ಮ ಮಲೆನಾಡಿನಲ್ಲಿ ಗದ್ದೆಗೆ ಹೋಗುವವರು ಅಡಿಕೆ ಹಾಳೆಯ ಟೋಪಿ ಹಾಕಿಕೊಳ್ಳುತ್ತಿದ್ದರು. ನಮ್ಮಮ್ಮ ಉರಿಬಿಸಿಲಿಗೆ ಹೊರಗೆ ಬಿಡುತ್ತಲೇ ಇರಲಿಲ್ಲ, ಹಪ್ಪಳ ಕಾಯಲು ಕೂರಿಸಿದರೂ ತಲೆಗೆ ಒದ್ದೆ ಟವೆಲ್. ಕ್ರೀಮ್ ಹಚ್ಚಿದ್ದೇನೆ ಎಂದು ಕೊಡೆ, ತುಂಬುತೋಳು ಬಿಟ್ಟರೆ ನಡೆಯದು. ಹತ್ತರಿಂದ ನಾಲ್ಕರವರೆಗೆ ನೆರಳು ಹುಡುಕಿ.

ಬಟ್ಟೆಯ ವಿಷಯವೂ ಹೇಳಿಬಿಡುತ್ತೇನೆ. ಬಿಳಿ ಅಂಗಿಯ ಕಾಲರ್ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಕೆಲಸದವಳನ್ನು ಬೈಯಬೇಡಿ. ಕೆಲವು ಸನ್‌ಸ್ಕ್ರೀನ್‌ನಲ್ಲಿರುವ ಅವೊಬೆನ್ಜೋನ್ ಎಂಬ ರಾಸಾಯನಿಕ ಬೋರ್‌ವೆಲ್ ನೀರಿನ ಕಬ್ಬಿಣದ ಜೊತೆ ಸೇರಿ ಕಲೆಯಾಗುತ್ತದೆ. ಬ್ಲೀಚ್ ಹಾಕಿದರೆ ಇನ್ನೂ ಕೆಡುತ್ತದೆ. ನಿಂಬೆಹಣ್ಣು ತಿಕ್ಕಿ ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ.

ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ, ಕಾವಿಗೆ ಕೆಟ್ಟುಹೋಗುತ್ತದೆ. ತಾರೀಕು ಮುಗಿದದ್ದು, ನೀರು ನೀರಾಗಿ ಒಡೆದದ್ದು ಎಷ್ಟೇ ಬೆಲೆಯದಾದರೂ ಎಸೆಯಿರಿ. ಸರಿಯಾಗಿ ಹಚ್ಚುವ ಮನೆಯಲ್ಲಿ ಅದು ಅಲ್ಲಿಯವರೆಗೆ ಉಳಿಯುವುದೂ ಇಲ್ಲ.