ಮೀನು ಒಲೆಗೆ ಹೋಗುವ ಮುಂಚೆ ಏನೇನು ಮಾಡಬೇಕು?

ಮೀನು ತಿಂದು ಹೊಟ್ಟೆ ಕೆಟ್ಟರೆ ಎಲ್ಲರೂ ಹೇಳುವುದು ಒಂದೇ, ಸರಿಯಾಗಿ ಬೆಂದಿರಲಿಲ್ಲ ಅಂತ. ಇರಬಹುದು. ಆದರೆ ಎಷ್ಟೋ ಸಲ ಎಡವಟ್ಟಾಗಿರುವುದು ಒಲೆಯ ಮೇಲಲ್ಲ, ಅದಕ್ಕೂ ಮೊದಲು ಕೈಚೀಲದಲ್ಲಿ.

ಮೊದಲು ಖರೀದಿ. ಬೇರೆ ಸಾಮಾನೆಲ್ಲ ಕೊಂಡು ಮುಗಿದ ಮೇಲೆ ಮೀನು ತೆಗೆದುಕೊಳ್ಳಿ, ಐಸ್ ಜೊತೆಗೇ ಮನೆಗೆ ತನ್ನಿ. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಸಮುದ್ರದ ನೀರಿನಲ್ಲೇ ಬದುಕುವಂಥದ್ದು, ಹಾಗಾಗಿ ಮೀನು ಎಷ್ಟೇ ತಾಜಾ ಇದ್ದರೂ, ಯಾರೂ ಗಲೀಜು ಮಾಡದಿದ್ದರೂ ಅದು ಜೊತೆಗೆ ಬಂದಿರಬಹುದು. ಬೆಚ್ಚಗಿನ ಜಾಗ ಸಿಕ್ಕರೆ ಹತ್ತು ನಿಮಿಷಕ್ಕೆಲ್ಲ ಒಂದು ಎರಡಾಗುತ್ತದೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆ ಒಣಗಿಸಿದ ಸಣ್ಣ ಮೀನು ತಿಂದು 20 ಜನ ಸತ್ತರು, ಇದರ ಒಂದು ಜಾತಿ ಪತ್ತೆಯಾಗಿದ್ದೇ ಆಗ.

ಮನೆಗೆ ಬಂದ ತಕ್ಷಣ ಫ್ರಿಜ್. 4 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಮುಚ್ಚಿದ ಡಬ್ಬಿಯಲ್ಲಿ ಹಾಕಿ ಕೆಳಗಿನ ಅಂತಸ್ತಿನಲ್ಲಿಡಿ, ನೀರು ಸೋರಿ ಬೇರೆ ತಿಂಡಿಗೆ ತಾಗಬಾರದಲ್ವಾ? ಟ್ಯೂನಾ, ಬಂಗುಡೆ ಆದರೆ ಜಾಸ್ತಿ ಹುಷಾರು. ಇವನ್ನು ಹೊರಗೆ ಬಿಟ್ಟರೆ ಬ್ಯಾಕ್ಟೀರಿಯಾ ಹಿಸ್ಟಮಿನ್ ಎಂಬ ರಾಸಾಯನಿಕ ತಯಾರಿಸಿಬಿಡುತ್ತವೆ. ಆಮೇಲೆ ಕುದಿಸಿ, ಕರಿಯಿರಿ, ಫ್ರೀಜರಿಗೆ ಹಾಕಿ, ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ ತಲೆನೋವು ಶುರುವಾದರೆ ಅಲರ್ಜಿ ಅಂದುಕೊಳ್ಳುತ್ತೇವೆ, ನಿಜವಾಗಿ ಅದು ಈ ಹಿಸ್ಟಮಿನ್ ಕಾಟ ಇರಬಹುದು.

ಫ್ರೀಜರಿನಲ್ಲಿ ಬ್ಯಾಕ್ಟೀರಿಯಾ ಎಲ್ಲ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ. ಆದ್ದರಿಂದ ಐಸ್ ಬಿಡಿಸುವುದೂ ಫ್ರಿಜ್‌ನೊಳಗೇ ಆಗಲಿ, ಅಡುಗೆಕಟ್ಟೆಯ ಮೇಲಲ್ಲ.

ಹೆಚ್ಚುವಾಗ ಚಾಕು, ಮಣೆ ಬೇರೆ ಇರಲಿ. ಕೈಗೆ ಗಾಯವಿದ್ದರೆ ಗ್ಲೌಸ್ ಹಾಕಿ, ಕೆಲವು ವಿಬ್ರಿಯೊ ಗಾಯದ ಮೂಲಕವೂ ಒಳಗೆ ಹೋಗುತ್ತವೆ.

ಇನ್ನು ಬೇಯಿಸುವುದು. ತುಂಡಿನ ನಡುಭಾಗ 63 ಡಿಗ್ರಿ ಮುಟ್ಟಬೇಕು, ಥರ್ಮಾಮೀಟರ್ ಇಲ್ಲವೆಂದರೆ ಮಾಂಸ ಬೆಳ್ಳಗಾಗಿ ಎಸಳೆಸಳಾಗಿ ಬಿಡುತ್ತದಾ ನೋಡಿ. ಬೆಂದರೂ ಬಾಯಿ ಬಿಡದ ಚಿಪ್ಪನ್ನು ಎಸೆಯಿರಿ. ಹಸಿ ಸಿಂಪಿಗೆ ನಿಂಬೆರಸ ಹಿಂಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ಅನ್ನುವವರಿದ್ದಾರೆ, ನಂಬಬೇಡಿ! ಲಿವರ್ ತೊಂದರೆ ಇರುವವರಿಗಂತೂ ಹಸಿ ಸಿಂಪಿ ಪ್ರಾಣಕ್ಕೇ ಬರಬಹುದು. ಗರ್ಭಿಣಿಯರು ಹೊಗೆಯಾಡಿಸಿದ ತಣ್ಣನೆ ಮೀನನ್ನೂ ಬಿಡುವುದು ಒಳ್ಳೆಯದು, ಯಾಕೆಂದರೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ.

ಇಷ್ಟೆಲ್ಲ ಮಾಡಿಯೂ ಬೇಧಿ ಶುರುವಾದರೆ ಉಪ್ಪು ಸಕ್ಕರೆ ನೀರು ಕುಡಿಯುತ್ತಿರಿ. ರಕ್ತ ಕಂಡರೆ, ಜೋರು ಜ್ವರ ಬಂದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ ಯಾವ ಮೀನು, ಯಾವಾಗ ತಿಂದಿರಿ ಅನ್ನುವುದನ್ನೂ ಹೇಳಿ.